2 ಮತ್ತು 3ರ ನಡುವೆ ನೂರು ಟನ್

ಕೀಲಿಮಣೆಯಲ್ಲಿ 2 ಮತ್ತು 3 ಅಕ್ಕಪಕ್ಕದಲ್ಲೇ ಇವೆ. 2009ರ ಮಾರ್ಚ್ 20ರ ರಾತ್ರಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಿಲ್ದಾಣದಲ್ಲಿ ದುಬೈಗೆ ಹೊರಟಿದ್ದ ಎಮಿರೇಟ್ಸ್ 407 ವಿಮಾನದ ಕಾಕ್‌ಪಿಟ್‌ನಲ್ಲಿ ಒಂದು ಲ್ಯಾಪ್‌ಟಾಪ್‌ಗೆ ವಿಮಾನದ ತೂಕವನ್ನು ತುಂಬಲಾಯಿತು. ಇರಬೇಕಾದದ್ದು 362.9 ಟನ್. ಬಿದ್ದದ್ದು 262.9. ಬೆರಳು ಒಂದು ಗುಂಡಿಯಷ್ಟು ಆಚೆ ಸರಿದಿತ್ತು, ಅಷ್ಟೇ. ವಿಮಾನದಲ್ಲಿದ್ದವರು 275 ಮಂದಿ: 257 ಪ್ರಯಾಣಿಕರು, 14 ಕ್ಯಾಬಿನ್ ಸಿಬ್ಬಂದಿ, 4 ಪೈಲಟ್‌ಗಳು.

ವಿಮಾನದ ಲೆಕ್ಕದಲ್ಲಿ ತೂಕಕ್ಕೆ ಯಾಕಷ್ಟು ಮಹತ್ವ ಎಂಬುದನ್ನು ಮೊದಲು ಹೇಳಬೇಕು. ನಮ್ಮ ಕಡೆ ಕಬ್ಬಿನ ಲಾರಿ ಕಾರ್ಖಾನೆಯ ವೇಬ್ರಿಡ್ಜ್ ಮೇಲೆ ನಿಲ್ಲದೆ ಒಳಗೆ ಹೋಗುವುದಿಲ್ಲ. ವಿಮಾನಕ್ಕೆ ಹಾರುವ ಮುಂಚೆ ಅಂಥ ತೂಕದ ಕಟ್ಟೆ ಇಲ್ಲ. ಖಾಲಿ ವಿಮಾನ ಇಷ್ಟು, ಇಂಧನ ಇಷ್ಟು, ಸರಕು ಇಷ್ಟು, ಜನ ಇಷ್ಟು ಎಂದು ಕೂಡಿಸಿ ಕಾಗದದ ಮೇಲೆ ಬಂದ ಮೊತ್ತವೇ ಅದರ ತೂಕ. ಯಾವ ವೇಗದಲ್ಲಿ ಮೂತಿ ಎತ್ತಬೇಕು, ಎಂಜಿನ್‌ಗೆ ಎಷ್ಟು ಬಲ ಕೊಡಬೇಕು ಎಂಬುದೆಲ್ಲ ಆ ಮೊತ್ತದಿಂದಲೇ ಹುಟ್ಟುತ್ತದೆ.

ಎಂಜಿನ್ ಬಲದ ವಿಷಯ ಹೊರಗಿನವರಿಗೆ ಅಚ್ಚರಿ ತರಬಹುದು. ದೊಡ್ಡ ವಿಮಾನಗಳು ಮೇಲೇರುವಾಗ ಪ್ರತಿ ಸಲವೂ ಪೂರ್ತಿ ಬಲ ಹಾಕುವುದಿಲ್ಲ. ಭಾರ ಕಡಿಮೆಯಿದ್ದು ರನ್‌ವೇ ಉದ್ದವಾಗಿದ್ದರೆ ಎಂಜಿನ್ ಸವೆಯದಿರಲಿ ಎಂದು ಬಲವನ್ನು ತಗ್ಗಿಸಿಯೇ ಓಡಿಸುತ್ತಾರೆ. ಹಾಗಾಗಿ ನೂರು ಟನ್ ಕಡಿಮೆ ಎಂದು ನಂಬಿದ ಲ್ಯಾಪ್‌ಟಾಪ್ ಎರಡು ತಪ್ಪು ಉತ್ತರಗಳನ್ನು ಒಟ್ಟಿಗೆ ಕೊಟ್ಟಿತು. ಬಲ ಸಾಲದು, ಮೂತಿ ಎತ್ತುವ ವೇಗವೂ ಸಾಲದು. 161 ನಾಟ್ ವೇಗದಲ್ಲಿ ಎತ್ತಬೇಕಿದ್ದ ಮೂತಿಗೆ ಅದು ಹೇಳಿದ್ದು 145. ಗಂಟೆಗೆ ಸುಮಾರು 30 ಕಿಲೋಮೀಟರ್ ವ್ಯತ್ಯಾಸ.

ರಾತ್ರಿ ಹತ್ತೂವರೆ ಹೊತ್ತಿಗೆ ವಿಮಾನ ಓಟ ಶುರು ಮಾಡಿತು. ರನ್‌ವೇ ಉದ್ದ 3,657 ಮೀಟರ್. ಓಡಿಸುತ್ತಿದ್ದದ್ದು ಸಹ ಪೈಲಟ್. ಕ್ಯಾಪ್ಟನ್ 'ಎತ್ತು' ಎಂದರು. ಮೂತಿ ಸರಿಯಾಗಿ ಏಳಲಿಲ್ಲ. ಮತ್ತೊಮ್ಮೆ ಹೇಳಿದರು. ಸಹ ಪೈಲಟ್ ಇನ್ನೂ ಜೋರಾಗಿ ಎಳೆದಾಗ ಮೂತಿ ಎದ್ದಿತು, ಆದರೆ ಚಕ್ರ ನೆಲ ಬಿಡಲಿಲ್ಲ. ಭಾರ ಹಿಂದಾದ ಎತ್ತಿನ ಗಾಡಿಯ ಮೂಕಿ ಮೇಲಕ್ಕೆ ನೆಗೆದು ಹಿಂಬದಿ ನೆಲಕ್ಕೆ ಬಡಿಯುವುದನ್ನು ಕಂಡವರಿಗೆ ಈ ಚಿತ್ರ ಸುಲಭವಾಗಿ ಕಣ್ಣಿಗೆ ಬಂದೀತು. ಗಾಡಿಯಲ್ಲಿ ಅದು ಭಾರದ ದೋಷ, ಇಲ್ಲಿ ವೇಗದ ಕೊರತೆ. ನೆಲಕ್ಕೆ ಬಡಿದದ್ದು ಮಾತ್ರ ಹಿಂಬದಿಯೇ. ಬಾಲ ರನ್‌ವೇಗೆ ಉಜ್ಜಿತು.

ಆಗ ಕ್ಯಾಪ್ಟನ್ ಎಂಜಿನ್‌ಗಳನ್ನು ಪೂರ್ತಿ ಬಲಕ್ಕೆ ತಳ್ಳಿದರು. ಅದಾಗಿ ಮೂರು ಸೆಕೆಂಡಿಗೆ ಚಕ್ರ ನೆಲ ಬಿಟ್ಟಿತು. ಅಷ್ಟರಲ್ಲಿ ರನ್‌ವೇ ಮುಗಿದಿತ್ತು. ಎತ್ತರ ಸಿಗುವ ಮೊದಲೇ ವಿಮಾನ ರನ್‌ವೇ ಆಚೆಗಿದ್ದ ದೀಪವೊಂದಕ್ಕೂ ವಿಮಾನಗಳಿಗೆ ದಾರಿ ತೋರುವ ಆಂಟೆನಾಗಳಿಗೂ ತಾಗಿಕೊಂಡೇ ಮೇಲೇರಿತು. ಪೋರ್ಟ್ ಫಿಲಿಪ್ ಕೊಲ್ಲಿಯ ಮೇಲೆ ಸುತ್ತುತ್ತ ಇಂಧನ ಚೆಲ್ಲಿ ಭಾರ ಇಳಿಸಿಕೊಂಡು, ಹೊರಟ ಒಂದು ಗಂಟೆಯ ಬಳಿಕ ಅದೇ ನಿಲ್ದಾಣಕ್ಕೆ ಮರಳಿತು. ಯಾರಿಗೂ ಗಾಯವಾಗಲಿಲ್ಲ. ಆ ಮೂರು ಸೆಕೆಂಡಿನ ನಿರ್ಧಾರ ತಡವಾಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಬೇರೆ ಕಡೆಯ ಉತ್ತರ ಇದೆ, ಮುಂದೆ ಹೇಳುತ್ತೇವೆ.

ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ತನಿಖಾ ಸಂಸ್ಥೆ ಅಂತಿಮ ವರದಿ ಕೊಟ್ಟದ್ದು 2011ರ ಡಿಸೆಂಬರ್‌ನಲ್ಲಿ. ಆ ವರದಿಯ ವಿವರಗಳಲ್ಲಿ ನಮ್ಮನ್ನು ಹೆಚ್ಚು ಕಾಡಿದ ಸಂಗತಿ ಒಂದು. ವಿಮಾನವನ್ನು ನಡೆಸುವ ಮುಖ್ಯ ಕಂಪ್ಯೂಟರಿನಲ್ಲಿ ತೂಕ ಸರಿಯಾಗಿಯೇ ಇತ್ತು: 361.9 ಟನ್. ಕೊನೇ ಗಳಿಗೆಯ ಹೆಚ್ಚುಕಡಿಮೆಗೆಂದು ಪೈಲಟ್‌ಗಳು ಅದಕ್ಕೆ ಒಂದು ಟನ್ ಸೇರಿಸಿಕೊಂಡಿದ್ದರು. ಅಂದರೆ ಒಂದೇ ಕೋಣೆಯಲ್ಲಿ ಎರಡು ಯಂತ್ರಗಳು, ಒಂದು ವಿಮಾನದ ಎರಡು ತೂಕಗಳು, ನಡುವೆ ನೂರು ಟನ್ ವ್ಯತ್ಯಾಸ. ಲ್ಯಾಪ್‌ಟಾಪ್‌ಗೂ ಮುಖ್ಯ ಕಂಪ್ಯೂಟರಿಗೂ ಮಾತುಕತೆ ಇರಲಿಲ್ಲ. ಒಂದರ ಉತ್ತರವನ್ನು ಮನುಷ್ಯರು ಓದಿ ಇನ್ನೊಂದಕ್ಕೆ ತುಂಬಬೇಕಿತ್ತು. ಈ ತೂಕಕ್ಕೆ ಈ ವೇಗ ಹೊಂದುವುದಿಲ್ಲವಲ್ಲ ಎಂದು ಕೇಳುವ ವ್ಯವಸ್ಥೆ ಆ ವಿಮಾನದಲ್ಲಿ ಇರಲಿಲ್ಲ.

ತಪ್ಪು ಹಿಡಿಯಲು ತಪಾಸಣೆಗಳು ಸಾಕಷ್ಟಿದ್ದವು. ತಪಾಸಣೆಯ ಹೊತ್ತಲ್ಲಿ ಸಹ ಪೈಲಟ್ ತೂಕವನ್ನು 326.9 ಎಂದು ಓದಿ, ಆ ಕ್ಷಣವೇ 362.9 ಎಂದು ತಿದ್ದಿಕೊಂಡದ್ದೂ ವರದಿಯಲ್ಲಿದೆ. ಹಾಗಿದ್ದೂ ಲ್ಯಾಪ್‌ಟಾಪಿನ 2 ಯಾರ ಕಣ್ಣಿಗೂ ಬೀಳಲಿಲ್ಲ. ಹೊರಡುವ ಗಡಿಬಿಡಿ, ಕಾಕ್‌ಪಿಟ್‌ನ ಮಾತುಕತೆ, ನಡುನಡುವೆ ಕಡಿದುಹೋದ ಗಮನ ಎಲ್ಲವನ್ನೂ ವರದಿ ಲೆಕ್ಕಕ್ಕೆ ಹಿಡಿದಿದೆ. ಇನ್ನೊಂದು ಕಾರಣ ನಮಗೆ ಬಹಳ ಮುಖ್ಯ ಅನ್ನಿಸಿತು. ಈ ಪೈಲಟ್‌ಗಳು ಬೇರೆ ಬೇರೆ ಮಾದರಿಯ ವಿಮಾನಗಳನ್ನು, ಬೇರೆ ಬೇರೆ ಭಾರದಲ್ಲಿ ಹಾರಿಸುತ್ತಿದ್ದವರು. ಒಂದೇ ಬಸ್ಸನ್ನು ಒಂದೇ ರೂಟಿನಲ್ಲಿ ವರ್ಷಗಟ್ಟಲೆ ಓಡಿಸಿದ ಚಾಲಕನಿಗೆ ಬಸ್ಸು ಭಾರವಾಗಿದೆಯೆಂದು ಸ್ಟೇರಿಂಗ್ ಹಿಡಿದಾಗಲೇ ತಿಳಿಯುತ್ತದೆ. ಈ ಪೈಲಟ್‌ಗಳಿಗೆ ಇಂದು ಹಗುರ, ನಾಳೆ ಭಾರ. ಎಲ್ಲ ಅಂಕಿಗಳೂ ಎಂದೋ ಕಂಡ ಅಂಕಿಗಳೇ ಆದಾಗ ಯಾವುದೂ ವಿಚಿತ್ರವೆನಿಸುವುದಿಲ್ಲ. ರಾತ್ರಿಯ ಕತ್ತಲೆಯಲ್ಲಿ ವೇಗ ನಿಧಾನಕ್ಕೆ ಏರುತ್ತಿದೆಯೆಂದು ಮೈಗೆ ತಿಳಿಯುವುದೂ ಕಷ್ಟ.

ಇದು ಮೊದಲ ಸಲವೂ ಅಲ್ಲ. ಆರು ವರ್ಷ ಹಿಂದೆ, 2003ರ ಮಾರ್ಚ್ 12ರಂದು, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಸಿಂಗಾಪುರ ಏರ್‌ಲೈನ್ಸ್‌ನ ಬೋಯಿಂಗ್ 747 ಹೀಗೆಯೇ ಬಾಲ ಉಜ್ಜಿತು, ಸುಮಾರು 490 ಮೀಟರ್ ದೂರ. 347 ಟನ್ ಇರಬೇಕಾದಲ್ಲಿ 247 ಎಂದು ಲೆಕ್ಕ ಹಾಕಿದ್ದರು. ಅಲ್ಲೂ ನೂರು ಟನ್, ಅಲ್ಲೂ 3ರ ಜಾಗದಲ್ಲಿ 2. ಅದೂ ಮರಳಿ ಇಳಿಯಿತು, ಜನ ಉಳಿದರು. ಮರುವರ್ಷ ಅಕ್ಟೋಬರ್ 14ರಂದು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಎಂಕೆ ಏರ್‌ಲೈನ್ಸ್‌ನ ಸರಕು ವಿಮಾನಕ್ಕೆ ಆ ಅದೃಷ್ಟ ಇರಲಿಲ್ಲ. ಹಿಂದಿನ ನಿಲ್ದಾಣದಿಂದ ಹೊರಟಾಗಿನ ಹಗುರ ತೂಕವೇ ಈ ಸಲದ ಲೆಕ್ಕಕ್ಕೂ ಬಳಕೆಯಾಗಿತ್ತು. ವಿಮಾನ ಬಾಲ ಎಳೆಯುತ್ತ ರನ್‌ವೇ ದಾಟಿತು. ಆಚೆ ಆಂಟೆನಾ ನಿಲ್ಲಿಸಲು ಕಟ್ಟಿದ್ದ ಮಣ್ಣಿನ ದಿಬ್ಬಕ್ಕೆ ಬಡಿದು ಬಾಲ ಮುರಿಯಿತು. ಒಳಗಿದ್ದ ಏಳೂ ಮಂದಿ ಸತ್ತರು. ಮೆಲ್ಬರ್ನ್ ವಿಮಾನ ಆಂಟೆನಾಗೆ ತಾಗಿತು, ದಿಬ್ಬಕ್ಕಲ್ಲ.

ನಮ್ಮ ಜಿಲ್ಲೆಗಳ ರಸ್ತೆ ಅಪಘಾತದ ಎಫ್‌ಐಆರ್‌ಗಳಲ್ಲಿ 'ಅತಿವೇಗ ಹಾಗೂ ಅಜಾಗರೂಕತೆಯ ಚಾಲನೆ' ಎಂಬ ಸಾಲು ಅಚ್ಚು ಹೊಡೆದಂತೆ ಬರುತ್ತದೆ. ತಿರುವಿನಲ್ಲಿ ಎಷ್ಟು ವಾಹನ ಬಿದ್ದರೂ ಆ ಸಾಲು ಬದಲಾಗದು, ತಿರುವೂ ಬದಲಾಗದು. ಮೆಲ್ಬರ್ನ್ ಪೈಲಟ್‌ಗಳಿಬ್ಬರೂ ದುಬೈಗೆ ಮರಳಿದ ಮೇಲೆ ರಾಜೀನಾಮೆ ಕೊಟ್ಟರು. ಪ್ರಕರಣ ಅಲ್ಲಿಗೆ ಮುಗಿದಿದ್ದರೆ ಲ್ಯಾಪ್‌ಟಾಪಿನ ಮೇಲೆ ಇನ್ನೊಬ್ಬರ ಬೆರಳು ಕೂರುತ್ತಿತ್ತು, 2 ಮತ್ತು 3 ಅಕ್ಕಪಕ್ಕದಲ್ಲೇ ಇರುತ್ತಿದ್ದವು. ತನಿಖೆ ಮುಂದುವರಿಯಿತು. ಅದೇ ಸಂಸ್ಥೆ ಇಪ್ಪತ್ತು ವರ್ಷಗಳ ಇಂಥ ಪ್ರಕರಣಗಳನ್ನು ಒಟ್ಟುಗೂಡಿಸಿ, ಲೆಕ್ಕದ ತಪ್ಪು ಯಾವ ದೇಶದ, ಯಾವ ಕಂಪನಿಯ ಪೈಲಟ್‌ಗೂ ಆಗಬಹುದಾದದ್ದು ಎಂದು ತೋರಿಸಿತು. ಕಂಪನಿಯೂ ಎರಡನೇ ಲ್ಯಾಪ್‌ಟಾಪ್ ತಂದಿತು. ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಆಮೇಲೆ ಉತ್ತರ ಹೋಲಿಸಬೇಕು.

ಬಾಲಕ್ಕೆ ಬಿದ್ದ ಪೆಟ್ಟನ್ನು ಬಣ್ಣ ಹಚ್ಚಿ ಮುಚ್ಚುವಂತಿಲ್ಲ. ಇದನ್ನು ಜಗತ್ತಿಗೆ ಕಲಿಸಿದ್ದು ಜಪಾನ್. 1978ರಲ್ಲಿ ಒಸಾಕಾದಲ್ಲಿ ಇಳಿಯುವಾಗ ಬಾಲ ಉಜ್ಜಿದ್ದ ಜಪಾನ್ ಏರ್‌ಲೈನ್ಸ್‌ನ 747 ಒಂದರ ಹಿಂಬದಿಯ ಒತ್ತಡ ತಡೆಗೋಡೆಯನ್ನು ಸರಿಯಾಗಿ ರಿಪೇರಿ ಮಾಡಿರಲಿಲ್ಲ. ಒಂದೇ ತಗಡು ಹಾಕಬೇಕಾದಲ್ಲಿ ಎರಡು ತುಂಡು ಹಾಕಿದ್ದರು. ವಿಮಾನ ಏಳು ವರ್ಷ ಹಾರಿತು. 1985ರ ಆಗಸ್ಟ್ 12ರಂದು ಆ ಗೋಡೆ ಆಕಾಶದಲ್ಲಿ ಒಡೆಯಿತು. 524 ಮಂದಿಯಲ್ಲಿ ಉಳಿದವರು ನಾಲ್ವರು.

ಮೆಲ್ಬರ್ನ್‌ನಲ್ಲಿ ಬಿರುಕು ಬಿಟ್ಟದ್ದೂ ಅದೇ ಒತ್ತಡ ತಡೆಗೋಡೆ. ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದ ವಿಮಾನವನ್ನು ಆಮೇಲೆ ಪ್ರಯಾಣಿಕರಿಲ್ಲದೆ, ಕ್ಯಾಬಿನ್ನಿಗೆ ಒತ್ತಡ ಕೊಡದೆ, ತಗ್ಗಿನ ಎತ್ತರದಲ್ಲೇ ಹಾರಿಸುತ್ತ ಫ್ರಾನ್ಸಿನ ಟುಲೂಸ್‌ಗೆ, ಅದು ಹುಟ್ಟಿದ ಕಾರ್ಖಾನೆಗೆ, ಒಯ್ದು ರಿಪೇರಿ ಮಾಡಿದರು. ವರ್ಷದ ಕೊನೆಗೆ ಅದು ಮತ್ತೆ ಜನರನ್ನು ಹೊತ್ತು ಹಾರಲು ಶುರು ಮಾಡಿತು.