ಲೆಕ್ಕ ಒಪ್ಪಿಸಿದ ದಸರೆ

1881ರ ಮಾರ್ಚ್ 25ರಂದು ಮೈಸೂರು ಸೀಮೆ 50 ವರ್ಷಗಳ ಬ್ರಿಟಿಷ್ ಆಡಳಿತದಿಂದ ಬಿಡಿಸಿಕೊಂಡು ಮರಳಿ ಒಡೆಯರ ಕೈಗೆ ಬಂತು. ಆಗಷ್ಟೇ 18 ತುಂಬಿದ್ದ ಚಾಮರಾಜೇಂದ್ರ ಒಡೆಯರು ಪಟ್ಟವೇರಿದರು, ರಂಗಾಚಾರ್ಲು ದಿವಾನರಾದರು. ಐದೇ ತಿಂಗಳಲ್ಲಿ, ಆಗಸ್ಟ್ 25ರಂದು, ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಪ್ರತಿ ವರ್ಷ ದಸರೆ ಮುಗಿದ ಕೂಡಲೇ ಎಲ್ಲ ತಾಲ್ಲೂಕುಗಳ ಪ್ರಮುಖ ಹಿಡುವಳಿದಾರರನ್ನೂ ವ್ಯಾಪಾರಸ್ಥರನ್ನೂ ಮೈಸೂರಿಗೆ ಕರೆಸಬೇಕು. ಕಳೆದ ವರ್ಷದ ಆಡಳಿತದಿಂದ ಆದದ್ದೇನು, ಬರುವ ವರ್ಷ ಮಾಡಬೇಕೆಂದಿರುವುದೇನು ಎಂಬ ಎರಡನ್ನೂ ಅವರ ಮುಂದಿಡಬೇಕು ಎಂಬುದು ಅದರ ತಿರುಳು. ಅದರಂತೆ ಅಕ್ಟೋಬರ್ 7ರಂದು 144 ಮಂದಿ ಸೇರಿದರು. ಮೈಸೂರು ಪ್ರಜಾಪ್ರತಿನಿಧಿ ಸಭೆ ಹುಟ್ಟಿದ್ದು ಹೀಗೆ. ನಮ್ಮ ಇತಿಹಾಸದ ಪುಸ್ತಕಗಳು ಇದನ್ನು ಭಾರತದ ಸಂಸ್ಥಾನಗಳಲ್ಲೇ ಮೊದಲ ಪ್ರಾತಿನಿಧಿಕ ಸಭೆಯೆಂದು ಕೊಂಡಾಡುತ್ತವೆ, ಇಲ್ಲವೇ ಅಧಿಕಾರವಿಲ್ಲದ ಸಭೆಯೆಂದು ಬದಿಗೆ ಸರಿಸುತ್ತವೆ. ಎರಡೂ ಮಾತು ನಿಜವೇ. ಆದರೆ ಆ ಸಭೆಯ ನಿಜವಾದ ಹೊಸತನ ಬೇರೆ ಕಡೆ ಇದೆ ಎಂಬುದು ನನ್ನ ವಾದ. ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ಪದ್ಧತಿ ಈ ನಾಡಿಗೆ ಹಳೆಯದು. ಯಾರು ಯಾರಿಗೆ ಒಪ್ಪಿಸಬೇಕು ಎಂಬುದು ಮಾತ್ರ ಅಂದು ತಿರುವುಮುರುವಾಯಿತು.

ಹಳೆಯ ದಿಕ್ಕು ಯಾವುದೆಂಬುದಕ್ಕೆ ವಿಜಯನಗರದಿಂದಲೇ ಸಾಕ್ಷಿ ಸಿಗುತ್ತದೆ. ಹದಿನಾರನೆಯ ಶತಮಾನದಲ್ಲಿ ಹಂಪೆಗೆ ಬಂದ ಪೋರ್ಚುಗೀಸರ ಪೈಕಿ ನೂನಿಜ್, ನಾಯಕರು ಅರಸನಿಗೆ ಸಲ್ಲಬೇಕಾದ ಹಣವನ್ನು ಸೆಪ್ಟೆಂಬರಿನ ಒಂಬತ್ತು ದಿನದ ಹಬ್ಬದ ಹೊತ್ತಿಗೆ ಒಪ್ಪಿಸುತ್ತಿದ್ದುದನ್ನು ಹೇಳುತ್ತಾನೆ. ಅವನಿಗಿಂತ ಮೊದಲು ಬಂದ ಪೇಸ್, ಹಬ್ಬ ಮುಗಿದ ಮೇಲೆ ಕೃಷ್ಣದೇವರಾಯ ಸೇನೆಯನ್ನೆಲ್ಲ ಕಣ್ಣಾರೆ ನೋಡಿ ಬಂದದ್ದನ್ನು ವರ್ಣಿಸುತ್ತಾನೆ. ಮಹಾನವಮಿ ದೇವಿಯ ಹಬ್ಬವಷ್ಟೇ ಆಗಿರಲಿಲ್ಲ. ಯಾರ ಬಳಿ ಎಷ್ಟು ಹಣ, ಎಷ್ಟು ಕುದುರೆ, ಎಷ್ಟು ಕಾಲಾಳು ಎಂಬುದನ್ನು ಅರಸ ತಾಳೆ ನೋಡುವ ಕಾಲವೂ ಆಗಿತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆ ಹಬ್ಬವನ್ನು ಮುಂದುವರಿಸಿದಾಗ ಜೊತೆಗೆ ಅದರ ಅರ್ಥವೂ ಬಂತು: ದರ್ಬಾರಿನಲ್ಲಿ ಕೆಳಗಿನವರು ಮೇಲಿನವರಿಗೆ ಕಾಣಿಕೆಯೊಪ್ಪಿಸಿ ತಲೆಬಾಗುವುದು. ಹಳ್ಳಿಯಲ್ಲೂ ಇದೇ ದಿಕ್ಕು. ವರ್ಷಕ್ಕೊಮ್ಮೆ ಜಮಾಬಂದಿಗೆ ಅಧಿಕಾರಿ ಬಂದರೆ ಪಟೇಲ ಎದುರು ನಿಲ್ಲಬೇಕು, ಶಾನುಭೋಗ ಕಡತ ಬಿಚ್ಚಬೇಕು, ರೈತ ತನ್ನ ಬಾಕಿಗೆ ಉತ್ತರ ಹೇಳಬೇಕು. ಆ ಕಡತವನ್ನೇ ನೋಡಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ ಅದು. ಬಳಪದಲ್ಲಿ ಬರೆಯುತ್ತಿದ್ದರು, ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯುತ್ತಿದ್ದರು. ಬರೆಯುವುದೂ ಅಳಿಸುವುದೂ ಒಂದೇ ಕೈ. ಕಡತದಲ್ಲಿ ತನ್ನ ಹೆಸರಿನ ಮುಂದೆ ಏನಿದೆಯೆಂದು ಓದಲಾರದ ರೈತನಿಗೆ ಹೋದ ವರ್ಷದ ಲೆಕ್ಕವೆಂದರೆ ಇನ್ನೊಬ್ಬರು ಓದಿ ಹೇಳಿದಷ್ಟೇ.

ಜನ ತಮ್ಮ ಪಾಡಿಗೆ ತಾವು ವರ್ಷವನ್ನು ಅಳೆದುಕೊಳ್ಳುವ ಪದ್ಧತಿಗಳೂ ಇದ್ದವು, ಇಂದಿಗೂ ಇವೆ. ಯುಗಾದಿಯ ದಿನ ಬೇವುಬೆಲ್ಲ ತಿಂದು ಪಂಚಾಂಗ ಕೇಳುತ್ತೇವೆ: ಮಳೆ ಎಷ್ಟು, ಬೆಳೆ ಹೇಗೆ, ಯಾವ ರಾಶಿಗೆ ಎಷ್ಟು ಆಯ, ಎಷ್ಟು ವ್ಯಯ. ದೀಪಾವಳಿಯ ಪಾಡ್ಯಕ್ಕೆ ವರ್ತಕರು ಹೊಸ ಖಾತೆ ಪುಸ್ತಕಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡಿ, ಹಳೆಯ ಬಾಕಿಯನ್ನು ಹೊಸ ಪುಟಕ್ಕೆ ಎಳೆದುಕೊಳ್ಳುತ್ತಾರೆ. ಇವೆರಡರಲ್ಲೂ ಜನರ ವಿವೇಕವಿದೆ, ನಾನು ಅದನ್ನು ಕಿರಿದು ಮಾಡುತ್ತಿಲ್ಲ. ಆದರೆ ಯುಗಾದಿಯಲ್ಲಿ ಹೇಳುವುದು ಬರುವುದರ ಮಾತು, ಅದು ತಪ್ಪಿದರೆ ಪುರೋಹಿತರನ್ನು ಯಾರೂ ಹಿಡಿದು ಕೇಳುವುದಿಲ್ಲ. ಮಳೆ ಅವರ ಕೈಯಲ್ಲಿಲ್ಲ. ದೀಪಾವಳಿಯ ಖಾತೆ ಆಗಿಹೋದದ್ದರ ಮಾತು, ಅದನ್ನು ನೋಡುವವರು ಅಂಗಡಿಯ ಯಜಮಾನರು ಮತ್ತು ಲಕ್ಷ್ಮಿ. ಹಿಂದಿನ ವರ್ಷ ಮಾಡಿದ್ದನ್ನೂ ಮುಂದಿನ ವರ್ಷ ಮಾಡಲಿರುವುದನ್ನೂ ಒಂದೇ ಕೂಟದಲ್ಲಿ, ಅದರ ಸುಖದುಃಖ ಉಣ್ಣುವವರ ಎದುರಿಗೇ ಹೇಳಬೇಕು ಎಂಬ ಕಟ್ಟುಪಾಡು ಈ ಎರಡು ಹಬ್ಬಗಳಲ್ಲಿಲ್ಲ. 1881ರ ಆಜ್ಞೆಯಲ್ಲಿದ್ದದ್ದು ಅದೇ.

ಆ ಹೊತ್ತಿನಲ್ಲಿ ಹಾಗೆ ಹೇಳುವುದು ಸುಲಭವೂ ಆಗಿರಲಿಲ್ಲ. 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರ ನಾಡನ್ನು ಬರಿದು ಮಾಡಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷವನ್ನೂ ಮುಟ್ಟಲಿಲ್ಲ. ಬರದ ವೆಚ್ಚಕ್ಕೆಂದು ಭಾರತ ಸರ್ಕಾರದಿಂದ ತಂದ 80 ಲಕ್ಷ ರೂಪಾಯಿ ಸಾಲ ಹೊಸ ಸರ್ಕಾರದ ಹೆಗಲೇರಿತ್ತು. ಬರಪರಿಹಾರದ ಕಾಮಗಾರಿಯಾಗಿ ಶುರುವಾದ ಬೆಂಗಳೂರು–ಮೈಸೂರು ರೈಲುದಾರಿ ಇನ್ನೂ ಮೈಸೂರು ತಲುಪಿರಲಿಲ್ಲ. ಅದು ಬಂದದ್ದು ಮರುವರ್ಷ, 1882ರಲ್ಲಿ. ಖಜಾನೆ ತುಂಬಿದ ಕಾಲದಲ್ಲಿ ದೊರೆ ಪ್ರಜೆಗಳನ್ನು ಕರೆದು ತೋರಿಸಿಕೊಳ್ಳುವುದು ಬೇರೆ, ಸಾಲ ಹೊತ್ತ ಸರ್ಕಾರ ಎಂಟನೆಯ ಒಂದು ಪಾಲಿಗೂ ಹೆಚ್ಚು ಜನರನ್ನು ಕಳೆದುಕೊಂಡ ನಾಡಿನವರ ಮುಂದೆ ನಿಂತು ಆಯವ್ಯಯ ಹೇಳುವುದು ಬೇರೆ. ದಸರೆಯ ಕಾಲವನ್ನು ಆರಿಸಿದ್ದಕ್ಕೆ ಆಜ್ಞೆ ಕೊಟ್ಟ ಕಾರಣ ಸರಳ: ಹಬ್ಬಕ್ಕಾದರೆ ಜನ ಮೈಸೂರಿಗೆ ಸಂತೋಷದಿಂದ ಬರುತ್ತಾರೆ. ನನಗೆ ಕಾಣುವಂತೆ ಅದರಲ್ಲಿ ಇನ್ನೊಂದು ಪ್ರಯೋಜನವೂ ಕೂಡಿಬಂತು. ದಸರೆಯ ಹೊತ್ತಿಗೆ ಮುಂಗಾರು ಮುಗಿದಿರುತ್ತದೆ, ಕೆರೆಗೆ ಎಷ್ಟು ನೀರು ಬಂತೆಂಬುದು ತಿಳಿದಿರುತ್ತದೆ, ರಾಗಿ ಹೊಲದಲ್ಲಿ ನಿಂತಿರುತ್ತದೆ. ಮಳೆಬೆಳೆಯ ಸ್ಥಿತಿಯನ್ನು ದಿವಾನರು ತಮ್ಮ ಭಾಷಣದಲ್ಲಿ ಹೇಳಲೇಬೇಕಿತ್ತು. ಕೇಳುವವರು ಅದನ್ನು ತಮ್ಮ ಊರಲ್ಲಿ ನೋಡಿಯೇ ಬಂದಿರುತ್ತಿದ್ದರು. ಬೇಸಾಯದ ಜೊತೆಗೆ ಕೈಗಾರಿಕೆಯೂ ಬೆಳೆಯದೆ ನಾಡು ಏಳಿಗೆಯಾಗದು ಎಂಬ ರಂಗಾಚಾರ್ಲು ಅವರ ಮಾತು, ಬರ ಕಂಡು ಬಂದವರ ಕಿವಿಗೆ ಬಿದ್ದಾಗ ಅದಕ್ಕಿದ್ದ ತೂಕ ಇಂದು ಓದುವ ನಮಗೆ ಸುಲಭಕ್ಕೆ ತಿಳಿಯುವುದಿಲ್ಲ.

ಮೊದಲ ಆಕ್ಷೇಪಣೆ ಎಲ್ಲರಿಗೂ ಗೊತ್ತಿರುವುದೇ: ಈ ಸಭೆಗೆ ಯಾವ ಅಧಿಕಾರವಿತ್ತು? ಆರಂಭದಲ್ಲಿ ಏನೂ ಇರಲಿಲ್ಲ. ಕಾನೂನು ಮಾಡುವಂತಿಲ್ಲ, ತೆರಿಗೆ ತಡೆಯುವಂತಿಲ್ಲ, ದಿವಾನರನ್ನು ಇಳಿಸುವಂತಿಲ್ಲ. ಸರ್ಕಾರದ ಉದ್ದೇಶವನ್ನು ಜನ ಸರಿಯಾಗಿ ಅರಿಯಲಿ, ತಪ್ಪು ತಿಳಿವಳಿಕೆ ದೂರವಾಗಲಿ ಎಂಬುದನ್ನೇ ಆಜ್ಞೆಯೂ ಮುಂದಿಟ್ಟಿತ್ತು. ಹಾಗಾಗಿ ಅದು ಸರ್ಕಾರದ ತುತ್ತೂರಿ ಎಂದವರ ಮಾತಿಗೆ ಆಧಾರವಿಲ್ಲದಿಲ್ಲ. ಆದರೆ ಈ ಆಕ್ಷೇಪಣೆ ಒಂದು ಸಲದ ಸಭೆಗೆ ಹೊಂದುತ್ತದೆ, ಪ್ರತಿ ವರ್ಷ ಸೇರುವ ಸಭೆಗೆ ಹೊಂದುವುದಿಲ್ಲ. ಮೊದಲ ವರ್ಷ ದಿವಾನರು ಹೇಳಿದ ಮುಂದಿನ ಉದ್ದೇಶ ಎರಡನೆಯ ವರ್ಷಕ್ಕೆ ಕೇಳಬೇಕಾದ ಪ್ರಶ್ನೆಯಾಗುತ್ತದೆ. ಅದೂ ಈಗ ಒರೆಸಬಹುದಾದ ಕಡತದಲ್ಲಿಲ್ಲ. ಭಾಷಣವೂ ನಡಾವಳಿಯೂ ಅಚ್ಚಾಗಿವೆ. ಕೆರೆ ದುರಸ್ತಿ, ರಸ್ತೆ, ಶಾಲೆ, ಕಾಡಿನ ಕಾಯಿದೆಯ ಕಿರುಕುಳ ಇವೇ ಅಹವಾಲುಗಳು ವರ್ಷವರ್ಷವೂ ಮರಳುತ್ತಿದ್ದವಲ್ಲ, ಪರಿಹಾರ ಎಲ್ಲಿ ಸಿಕ್ಕಿತು ಎಂದು ಕೇಳಬಹುದು. ಎಷ್ಟೋ ಸಲ ಸಿಗಲಿಲ್ಲ. ಆದರೆ ಹಿಂದಿನ ವರ್ಷ ಇದೇ ಮಾತಿಗೆ ಇದೇ ಉತ್ತರ ಬಂದಿತ್ತೆಂದು ಎದ್ದುನಿಂತು ಹೇಳಲು ಸಾಧ್ಯವಾದದ್ದೇ ದೊಡ್ಡ ಬದಲಾವಣೆ. ರಂಗಾಚಾರ್ಲು ಓದಿದ್ದು ಎರಡೇ ವರ್ಷದ ಲೆಕ್ಕ. 1883ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರ ನಂತರ ಬಂದ ಶೇಷಾದ್ರಿ ಅಯ್ಯರ್ ಗಟ್ಟಿ ಕೈಯ ಆಡಳಿತಗಾರರು, ಟೀಕೆ ಸಹಿಸುವ ಸ್ವಭಾವಕ್ಕೆ ಹೆಸರಾದವರಲ್ಲ. ಆದರೂ ಸಭೆ ನಿಲ್ಲಲಿಲ್ಲ, ಅವರ ಕಾಲದಲ್ಲೇ 1891ರಲ್ಲಿ ಸದಸ್ಯರನ್ನು ಚುನಾಯಿಸುವ ಹಕ್ಕೂ ಬಂತು. ‘ವೃತ್ತಾಂತ ಚಿಂತಾಮಣಿ’ಯ ಎಂ. ವೆಂಕಟಕೃಷ್ಣಯ್ಯನವರಂಥವರು ಸಭೆಯ ಒಳಗೂ ಪತ್ರಿಕೆಯಲ್ಲೂ ಅದೇ ದಿವಾನರನ್ನು ಪ್ರಶ್ನಿಸಿದರು. 1908ರಲ್ಲಿ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾಯಿದೆ ಬಂದದ್ದು, ಅದನ್ನು ವಿರೋಧಿಸಿ ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ್ದು ನಾಡಿನ ಪತ್ರಿಕಾ ಚರಿತ್ರೆಯ ನೋವಿನ ಪುಟ. ಪ್ರಶ್ನೆ ನಾಟುತ್ತಿರಲಿಲ್ಲವಾದರೆ ಕಾಯಿದೆ ಏಕೆ ಬೇಕಿತ್ತು?

ಎರಡನೆಯ ಆಕ್ಷೇಪಣೆ ಇದಕ್ಕಿಂತ ಆಳದ್ದು, ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಲೆಕ್ಕ ಕೇಳಲು ಕೂತವರು ಯಾರು? ಮೊದಲಿಗೆ ಜಿಲ್ಲಾ ನಿಧಿ ಮಂಡಳಿಗಳು ಆರಿಸಿ ಕಳಿಸಿದ ಜಮೀನುಳ್ಳವರು, ವ್ಯಾಪಾರಸ್ಥರು. ಚುನಾವಣೆ ಬಂದ ಮೇಲೂ ಆಸ್ತಿ, ಕಂದಾಯ, ವಿದ್ಯೆಯ ಅಳತೆಗೆ ಸಿಕ್ಕವರು. ಬರದಲ್ಲಿ ಹೆಚ್ಚು ಸತ್ತವರು ಕೂಲಿಯವರು, ಜಮೀನಿಲ್ಲದವರು. ಅವರ ಪರವಾಗಿ ಲೆಕ್ಕ ಕೇಳುವವರು 1881ರ ಆ 144 ಮಂದಿಯಲ್ಲಿ ಇರಲಿಲ್ಲ. ಹೆಂಗಸರಿಗೆ ಮತದ ಬಾಗಿಲು ತೆರೆದದ್ದು 1923ರ ಕಾಯಿದೆಯಲ್ಲಿ, ಅದೂ ಆಸ್ತಿಯ ಅರ್ಹತೆಯೊಂದಿಗೆ. ಈ ಕೊರತೆಯನ್ನು ಕಾಲಧರ್ಮವೆಂದು ತೇಲಿಸಿಬಿಡುವುದು ಸರಿಯಲ್ಲ. ಒಂದು ಮಾತು ಮಾತ್ರ ಹೇಳಬಹುದು. ಸರ್ಕಾರ ಯಾರಿಗಾದರೂ ಲೆಕ್ಕ ಒಪ್ಪಿಸಬೇಕು ಎಂದು ಒಮ್ಮೆ ಒಪ್ಪಿದ ಮೇಲೆ, ನಮಗೇಕೆ ಒಪ್ಪಿಸುವುದಿಲ್ಲ ಎಂದು ಹೊರಗೆ ನಿಂತವರು ಕೇಳುವುದಕ್ಕೆ ಆಧಾರ ಸಿಗುತ್ತದೆ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿದ ಬ್ರಾಹ್ಮಣೇತರರು ಕೇಳಿದ್ದು ಇದೇ ಬಗೆಯ ಪ್ರಶ್ನೆ. 1923ರ ಕಾಯಿದೆ ಸಭೆಗೆ ಶಾಸನದ ನೆಲೆ ಕೊಟ್ಟು, ಹೊಸ ತೆರಿಗೆಗೆ ಮುನ್ನ ಅದರ ಅಭಿಪ್ರಾಯ ಕೇಳಲೇಬೇಕೆಂದಿತು. ಮೂವತ್ತರ ದಶಕದ ಹೊತ್ತಿಗೆ ಕಾಂಗ್ರೆಸ್ಸಿಗರಿಗೆ ಅಷ್ಟೂ ಸಾಲದೆ, ಪ್ರಜೆಗಳಿಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರವೇ ಬೇಕೆಂದು ಬೀದಿಗಿಳಿದರು. ವರ್ಷಕ್ಕೊಮ್ಮೆ ಕೇಳಿ ಮನೆಗೆ ಹೋಗುವುದರಿಂದ ಅಲ್ಲಿಗೆ ಬರಲು ಐವತ್ತು ವರ್ಷ ಹಿಡಿಯಿತು. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು, 1949ರಲ್ಲಿ ಪ್ರಜಾಪ್ರತಿನಿಧಿ ಸಭೆ ವಿಸರ್ಜನೆಯಾಯಿತು.

ಸಭೆ ಹೋದದ್ದರಿಂದ ನಷ್ಟವೇನಾಯಿತು, ಈಗ ವಿಧಾನಸಭೆಯಿದೆ, ಬಜೆಟ್ ಇದೆ, ರಾಜ್ಯಪಾಲರ ಭಾಷಣವಿದೆ ಎನ್ನಬಹುದು. ಅಧಿಕಾರದ ದೃಷ್ಟಿಯಿಂದ ಇವು ಹಳೆಯ ಸಭೆಗಿಂತ ಎಷ್ಟೋ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಳೆದ ಬಜೆಟ್ಟಿನಲ್ಲಿ ಹೇಳಿದ್ದರಲ್ಲಿ ಎಷ್ಟಾಯಿತು ಎಂಬುದು ಹೊಸ ಬಜೆಟ್ಟಿನ ಘೋಷಣೆಗಳ ಅಡಿಯಲ್ಲಿ ಹೂತುಹೋಗುತ್ತದೆ. ಮುಂದಿನದನ್ನು ಹೇಳುವ ಉತ್ಸಾಹ ಹಿಂದಿನದನ್ನು ಒಪ್ಪಿಸುವುದರಲ್ಲಿ ಕಾಣುವುದಿಲ್ಲ. 1881ರ ಆಜ್ಞೆ ಹಿಂದಿನದನ್ನೇ ಮೊದಲು ಹೇಳಿತ್ತು. ಆ ಕ್ರಮದ ಅಂಶ ಇವತ್ತು ಉಳಿದಿರುವುದು, ನಾವು ಅಷ್ಟಾಗಿ ಗಮನಿಸದ ಒಂದು ಕಡೆ: ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿ ವರ್ಷ ನಡೆಯಬೇಕಾದ ಜಮಾಬಂದಿಯಲ್ಲಿ. ಹೆಸರು ಹಳೆಯದೇ, ಆದರೆ ಎದುರು ನಿಂತು ಉತ್ತರ ಹೇಳಬೇಕಾದವರು ಈಗ ರೈತರಲ್ಲ. ಹಿಂದಿನ ವರ್ಷ ಯಾವ ಚರಂಡಿಗೆ, ಯಾವ ಕುಡಿಯುವ ನೀರಿನ ಕೊಳವೆಗೆ ಎಷ್ಟು ಖರ್ಚಾಯಿತೆಂದು ಪಂಚಾಯಿತಿಯೇ ಊರಿನವರಿಗೆ ತೋರಿಸಬೇಕು, ಕಡತ ತೆರೆದಿಡಬೇಕು, ಬೇಕಾದರೆ ಕಾಮಗಾರಿ ನಡೆದ ಜಾಗಕ್ಕೇ ಹೋಗಿ ನೋಡಬಹುದು. ಬಹಳಷ್ಟು ಊರುಗಳಲ್ಲಿ ಜನ ಅದಕ್ಕೆ ಹೋಗುವುದೇ ಇಲ್ಲ. 1881ರಲ್ಲಿ ಚಾಮರಾಜನಗರದ ಕಡೆಯವರೂ ಶಿವಮೊಗ್ಗದ ಕಡೆಯವರೂ ರೈಲು ತಲುಪದ ಮೈಸೂರಿಗೆ ಹೋಗಿ ಕೂತು ಕೇಳಿದ ಲೆಕ್ಕ, ಇವತ್ತು ನಮ್ಮ ನಮ್ಮ ಊರ ಪಂಚಾಯಿತಿ ಕಚೇರಿಯಲ್ಲೇ ಕೇಳಲು ಸಿಗುತ್ತದೆ, ಕೂಲಿಯವರಿಗೂ ಹೆಂಗಸರಿಗೂ ಅಲ್ಲಿ ಕೇಳುವ ಹಕ್ಕಿದೆ.