ನಿರೀಕ್ಷಿತ ಫಲಿತಾಂಶ

ಎಂಎಸ್ಸಿಯ ಕೊನೆಯ ವರ್ಷ. ಕಾಸ್ಮಿಕ್ ಕಿರಣ ಎಣಿಸುವ ಚಿಕ್ಕ ಡಿಟೆಕ್ಟರ್ ಕಟ್ಟಲು ಧನಸಹಾಯ ಕೇಳಿ ಪ್ರಪೋಸಲ್ ಬರೆಯುತ್ತಿದ್ದೆ. ಉಪಕರಣ, ಕನ್ಸ್ಯೂಮಬಲ್ಸ್, ಪ್ರಯಾಣ, ಕಂಟಿಂಜೆನ್ಸಿ ಎಂದು ಬಜೆಟ್ ಪುಟ ತುಂಬಿತು. ಗೈಗರ್ ಟ್ಯೂಬಿಗೆ ಎರಡು ಅಂಗಡಿಗಳ ಕೊಟೇಶನ್ ಪಿನ್ ಮಾಡಿದ್ದೂ ಆಯಿತು. 'ನಿರೀಕ್ಷಿತ ಫಲಿತಾಂಶ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಇನ್ನೂ ಮಾಡದ ಪ್ರಯೋಗದ ಫಲವನ್ನು ಹೇಗೆ ಬರೆಯಲಿ? ನಮ್ಮ ಗೈಡ್, "ಅದನ್ನ ಹಾಗೇ ಬಿಡಮ್ಮ. ಮೊದಲು ಭಾಭಾ ಬರೆದ ಕಾಗದ ಓದ್ಕೊಂಡು ಬಾ" ಅಂದರು.

ಹೋಮಿ ಭಾಭಾ 1939ರಲ್ಲಿ ಕೇಂಬ್ರಿಜ್‌ನಿಂದ ರಜೆಗೆ ಬಂದವರು, ಯುದ್ಧ ಶುರುವಾಗಿ ಇಲ್ಲೇ ಉಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಆ ಸಂಸ್ಥೆ ಹುಟ್ಟಿದ್ದೂ ಒಂದು ಪ್ರಪೋಸಲಿನಿಂದಲೇ. ಜೆಮ್‌ಶೆಟ್‌ಜಿ ಟಾಟಾ ಅವರ ಯೋಜನೆ 1898ರ ಕೊನೆಯಲ್ಲಿ ಹೊಸ ವೈಸರಾಯ್ ಕರ್ಜನ್ ಮುಂದೆ ಹೋಯಿತು. ಓದಲು ಯಾರು ಬರುತ್ತಾರೆ, ಓದಿದವರಿಗೆ ಕೆಲಸ ಎಲ್ಲಿದೆ ಎಂದು ವೈಸರಾಯರಿಗೆ ಅನುಮಾನ. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು. ಮಂಜೂರಾತಿ ಪೂರ್ತಿಯಾದದ್ದು 1909ರಲ್ಲಿ. ಅಷ್ಟರಲ್ಲಿ ಟಾಟಾ ತೀರಿಕೊಂಡು ಐದು ವರ್ಷವಾಗಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

1944ರ ಮಾರ್ಚ್ 12ರಂದು ಭಾಭಾ, ದೊರಾಬ್ಜಿ ಟಾಟಾ ಟ್ರಸ್ಟಿನ ಅಧ್ಯಕ್ಷ ಸೊರಾಬ್ ಸಕ್ಲಾತ್‌ವಾಲಾ ಅವರಿಗೆ ಕಾಗದ ಬರೆದರು. ಹಿರೋಶಿಮಾಕ್ಕಿನ್ನೂ ಸುಮಾರು ಒಂದು ವರ್ಷ ಐದು ತಿಂಗಳಿತ್ತು. ಮೂಲಭೂತ ಭೌತಶಾಸ್ತ್ರಕ್ಕೆ ನಮ್ಮಲ್ಲಿ ಒಂದು ದೊಡ್ಡ ಶಾಲೆಯಿಲ್ಲ, ಒಳ್ಳೆಯ ಕೆಲಸಗಾರರು ಅಲ್ಲಲ್ಲಿ ಚದುರಿದ್ದಾರೆ. ಇಪ್ಪತ್ತು ವರ್ಷಗಳಲ್ಲಿ ಪರಮಾಣು ಶಕ್ತಿಯಿಂದ ವಿದ್ಯುತ್ ಬಂದರೆ ಭಾರತ ತಜ್ಞರಿಗಾಗಿ ಹೊರಗೆ ಕೈಚಾಚಬಾರದು ಎಂಬುದು ಅದರ ತಿರುಳು. ಅವರು ಮಾತು ಕೊಟ್ಟದ್ದು ಪಳಗಿದ ಜನರನ್ನು ತಯಾರು ಮಾಡುವುದಾಗಿ. 1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಶುರುವಾಯಿತು. ವರ್ಷಾಂತ್ಯಕ್ಕೆ ಮುಂಬಯಿಗೆ ಹೋಯಿತು.

ನಮ್ಮೂರು ಕೆಜಿಎಫ್. ತಾತ ಚಾಂಪಿಯನ್ ರೀಫ್ ಗಣಿಗೆ ಇಳಿಯುತ್ತಿದ್ದವರು. ಭಾಭಾ ಕಟ್ಟಿದ ಆ ಸಂಸ್ಥೆಯವರು ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಡಿಟೆಕ್ಟರ್ ಇಟ್ಟರು. ಅಷ್ಟು ಬಂಡೆಯನ್ನು ದಾಟಲಾರದೆ ಬೇರೆ ಕಣಗಳು ಬಹುಪಾಲು ಮೇಲೇ ಉಳಿದವು. ಜಪಾನ್, ಇಂಗ್ಲೆಂಡಿನವರ ಜೊತೆಗೂಡಿ 1965ರಲ್ಲಿ ಅವರು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. 1944ರ ಕಾಗದದಲ್ಲಿ ಇದನ್ನು ಯಾರು ಬರೆದಾರು? ಆಗ ನ್ಯೂಟ್ರಿನೊವನ್ನು ಪ್ರಯೋಗದಲ್ಲಿ ಯಾರೂ ಹಿಡಿದೇ ಇರಲಿಲ್ಲ.

ಹಾಸ್ಟೆಲಿಗೆ ಬಂದು ಆ ಖಾಲಿ ಜಾಗದಲ್ಲಿ ಬರೆದೆ: ಈ ಡಿಟೆಕ್ಟರಿನ ಮೇಲೆ ಮೂವರು ಕಿರಿಯ ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳುತ್ತಾರೆ.

ಏಳು ತಿಂಗಳ ಮೇಲೆ ಅರ್ಜಿ ಕಾರಣ ಹೇಳದೆ ವಾಪಸ್ ಬಂತು. ಆ ಸಾಲನ್ನು ಮೊದಲ ಪುಟಕ್ಕೆ ತಂದು, ಹೊಸ ಕೊಟೇಶನ್ ಲಗತ್ತಿಸಿ, ಮತ್ತೆ ಕಳಿಸಿದೆ.