ಪರವಾನಗಿದಾರರ ಗಮನಕ್ಕೆ: ಸೊಂಟದ ಹೊರಬದಿಯಲ್ಲಿ ಧರಿಸುವ ಪಿಸ್ತೂಲು ಹೋಲ್‌ಸ್ಟರ್‌ನ ಆಯ್ಕೆ

ಬೆಂಗಳೂರು ನಗರದಲ್ಲಿ ಪಿಸ್ತೂಲಿನ ಪರವಾನಗಿಯನ್ನು ಶಸ್ತ್ರಾಸ್ತ್ರ ಅಧಿನಿಯಮ, 1959ರ ಮೇರೆಗೆ ಪೊಲೀಸ್ ಆಯುಕ್ತರು ನೀಡುತ್ತಾರೆ. ಶಸ್ತ್ರಾಸ್ತ್ರ ನಿಯಮಗಳು, 2016ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಒಯ್ಯುವ ಪಿಸ್ತೂಲು ಪೂರ್ಣವಾಗಿ ಮುಚ್ಚಿರತಕ್ಕದ್ದು ಹಾಗೂ ಧರಿಸಿದವರ ಹತೋಟಿಯಲ್ಲಿರತಕ್ಕದ್ದು.

ಆಯ್ಕೆ ಮಾಡುವಾಗ ಗಮನಿಸಬೇಕಾದ ಅಂಶಗಳು:

1. ಹೋಲ್‌ಸ್ಟರ್ ಆಯಾ ಮಾದರಿಯ ಪಿಸ್ತೂಲಿಗೇ ಹೊಂದುವಂತಿರಬೇಕು. ಟ್ರಿಗರ್ ಭಾಗವನ್ನು ಸಂಪೂರ್ಣವಾಗಿ ಮುಚ್ಚುವ ಗಟ್ಟಿ ಕವಚವಿರಬೇಕು.
2. ಮಲ್ಲೇಶ್ವರದ 8ನೇ ಅಡ್ಡರಸ್ತೆ, ಚಾಮರಾಜಪೇಟೆಯಂತಹ ಜನನಿಬಿಡ ಪ್ರದೇಶಗಳಲ್ಲಿ ಅನ್ಯರು ಕಸಿಯದಂತೆ ತಡೆಯುವ ಮುಚ್ಚಳ ಅಥವಾ ಲಾಕ್ ಇರುವುದು ಅಗತ್ಯ.
3. ಭಾರ ತಡೆಯುವ ಗಡುಸಾದ ಸೊಂಟಪಟ್ಟಿಯನ್ನು ಬಳಸಬೇಕು. ಅಗಲವಾದ ಹಿಂಬದಿಯು ಭಾರವನ್ನು ಹಂಚುವುದರಿಂದ ಸೊಂಟಕ್ಕೆ ಒತ್ತು ಕಡಿಮೆಯಾಗುತ್ತದೆ.
4. ಗುಂಡುಗಳನ್ನು ಪೂರ್ಣವಾಗಿ ತೆಗೆದು ಖಚಿತಪಡಿಸಿಕೊಂಡ ನಂತರವೇ, ಮನೆಯಲ್ಲಿ ಧರಿಸಿ, ಕುಳಿತು, ಬಾಗಿ ಪರೀಕ್ಷಿಸಬೇಕು. ಪಿಸ್ತೂಲು ಜಾರಿದರೆ ಆ ಹೋಲ್‌ಸ್ಟರ್ ಯೋಗ್ಯವಲ್ಲ.
5. ಚರ್ಮವು ತೇವವನ್ನು ಹಿಡಿದಿಡುವುದರಿಂದ ಚರ್ಮದ ಹೋಲ್‌ಸ್ಟರ್‌ನಲ್ಲಿ ಪಿಸ್ತೂಲನ್ನು ದೀರ್ಘಕಾಲ ಇಟ್ಟರೆ ತುಕ್ಕು ಹಿಡಿಯುತ್ತದೆ.

ವಿಶೇಷ ಸೂಚನೆ: ಹೋಲ್‌ಸ್ಟರ್ ಎಷ್ಟೇ ಭದ್ರವಾಗಿದ್ದರೂ ಅದು ಅನುಮತಿಯಲ್ಲ. ಪ್ರಾಧಿಕಾರದ ವಿಶೇಷ ಅನುಮತಿಯಿಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ ಹಾಗೂ ಶಿಕ್ಷಣ ಸಂಸ್ಥೆಗಳ ಆವರಣಕ್ಕೆ ಶಸ್ತ್ರ ಒಯ್ಯುವಂತಿಲ್ಲ. ಆದ್ದರಿಂದ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ತೆರಳುವ ಪರವಾನಗಿದಾರರು ಪಿಸ್ತೂಲನ್ನು ಮನೆಯಲ್ಲಿಯೇ ಬೀಗ ಹಾಕಿ ಇಡತಕ್ಕದ್ದು. ಷರತ್ತು ಉಲ್ಲಂಘಿಸಿದಲ್ಲಿ ಅಧಿನಿಯಮದ 17ನೇ ಪ್ರಕರಣದ ಮೇರೆಗೆ ಪರವಾನಗಿಯನ್ನು ಅಮಾನತುಗೊಳಿಸಬಹುದು ಅಥವಾ ರದ್ದುಪಡಿಸಬಹುದು.